ಬೆಸ ಸಂಖ್ಯೆ ಒಲ್ಲದ ದಿಕ್ಕಿನ ನಾಬ್‌ಗೆ ಒಂದು ಬಿನ್ನಹ

ಇವರಿಗೆ,
ಶ್ರೀಮಾನ್ ದಿಕ್ಕಿನ ನಾಬ್ ಅವರು,
ನಟ್ಟನಡುವಿನ ತೂತು, ಹಳೆಯ ಫ್ರಿಜ್ಜಿನ ಬಾಗಿಲು,
ನಮ್ಮ ಗ್ಯಾರೇಜು, ಕಿಟ್ವೆ, ಜಾಂಬಿಯಾ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂಬುದು ನನಗೆ ಚೆನ್ನಾಗಿಯೇ ಗೊತ್ತು, ಈಗಷ್ಟೇ ತಮ್ಮ ನೆತ್ತಿಯ ಧೂಳು ಒರೆಸಿ ಬಂದಿದ್ದೇನೆ. ಆದರೂ ಕ್ಷೇಮ ವಿಚಾರಿಸದೆ ದೂರಿಗೆ ಇಳಿಯಬಾರದೆಂದು ಹಿರಿಯರು ಕಲಿಸಿರುವುದರಿಂದ, ತಮಗೂ ತಮ್ಮೊಂದಿಗೆ ಒಂದೇ ಪೊಟ್ಟಣದಲ್ಲಿ ಬಂದಿಳಿದ ಸಹೋದರರಿಗೂ ಒಳಿತನ್ನು ಕೋರಿ ಮುಂದುವರಿಯುತ್ತೇನೆ.

ನಾನು ಮುಸೋಂಡಾ ಕಪೆಂಬ್ವಾ, ತಾಮ್ರದ ಗಣಿಯಲ್ಲಿ ಕೆಲಸಗಾರರನ್ನು ಪಂಜರದಲ್ಲಿ ಕೆಳಗಿಳಿಸಿ ಮೇಲೆತ್ತುವ ಯಂತ್ರವನ್ನು ನಡೆಸುವವನು. ಅದರ ಹಿಡಿಕೆಯನ್ನು ನಾನು ಎಷ್ಟು ಎಳೆಯುತ್ತೇನೋ ಅಷ್ಟಕ್ಕೆ ತಕ್ಕಂತೆ ಪಂಜರ ಇಳಿಯುತ್ತದೆ, ಇಲ್ಲವಾದರೆ ಜನ ಸಾಯುತ್ತಾರೆ. ಹೀಗಾಗಿ ತಿರುಗಿಸಿದ್ದು ತಿರುಗಿಸಿದಷ್ಟೇ ತಿರುಗಬೇಕೆಂಬ ದುರಭ್ಯಾಸ ನನಗೆ ಅಂಟಿಕೊಂಡಿದೆ; ಅದರಿಂದ ತಮ್ಮಂಥ ಸ್ವತಂತ್ರ ಜೀವಿಗೆ ಕಿರಿಕಿರಿಯಾಗಿದ್ದರೆ ಮನ್ನಿಸಬೇಕು.

ಬಿಡುವಿನ ವೇಳೆಯಲ್ಲಿ ನಾನು ಗ್ಯಾರೇಜಿನೊಳಗೆ ವಿಮಾನವೊಂದರ ಚಾಲಕರ ಕೋಣೆಯನ್ನು ಕಟ್ಟುತ್ತಿರುವುದು ತಮಗೆ ತಿಳಿದೇ ಇದೆ. ಅದು ನೆಲ ಬಿಟ್ಟು ಏಳುವುದಿಲ್ಲ, ಪರದೆಯ ಮೇಲಷ್ಟೇ ಹಾರುತ್ತದೆ. ಸೀಟುಗಳು ಗುಜರಿಗೆ ಬಿದ್ದ ಮಿನಿಬಸ್ಸಿನವು, ಫಲಕ ನಮ್ಮದೇ ಹಳೆಯ ಫ್ರಿಜ್ಜಿನ ಬಾಗಿಲು. ಎಲ್ಲವೂ ಹೊಂದಿಕೊಂಡ ಮೇಲೆ ಉಳಿದದ್ದು ವಿಮಾನದ ದಿಕ್ಕು, ಎತ್ತರ ನಿಗದಿಪಡಿಸುವ ನಾಬ್‌ಗಳ ಆಯ್ಕೆ. ನಿಜವಾದ ವಿಮಾನದ ನಾಬ್ ವಿದೇಶದಿಂದ ಬರಬೇಕಿತ್ತು, ಅದರ ಬೆಲೆಗೆ ನಮ್ಮ ಬೀದಿಯವರೆಲ್ಲ ಮೇಕೆ ಕಡಿದು ಉಣ್ಣಬಹುದು. ಬಟ್ಟೆ ಒಗೆಯುವ ಯಂತ್ರದ್ದು ಅಗ್ಗವಾಗಿತ್ತು, ಆದರೆ ತಿರುಗಿಸಿದರೆ ಜೈಲಿನ ಬೀಗ ತೆಗೆದ ಸದ್ದು ಬರುತ್ತಿತ್ತು.

ಕೊನೆಗೆ ಸಂತೆಯಲ್ಲಿ ಹಳೆಯ ರೇಡಿಯೋ ಬಿಚ್ಚಿ ಮಾರುವ ಜೆರೆಯ ಬಳಿಗೆ ಹೋದೆ. ಜೆರೆ ಎನ್‌ಗೋನಿ ಕುಲದವನು, ನಾನು ಬೆಂಬಾ. ನಮ್ಮ ಮುತ್ತಜ್ಜಂದಿರು ಕಾದಾಡಿದ್ದರ ಫಲವಾಗಿ ಈಗ ಎಲ್ಲಿ ಸಿಕ್ಕರೂ ಒಬ್ಬರನ್ನೊಬ್ಬರು ಬೈಯುವ ಹಕ್ಕು ನಮಗಿದೆ, ಅದನ್ನು ಇಬ್ಬರೂ ವ್ಯರ್ಥ ಮಾಡುವುದಿಲ್ಲ. "ದಿಕ್ಕು ತೋರ್ಸೋ ನಾಬ್ ಬೇಕಾ? ನಮ್ಮಜ್ಜ ಅಟ್ಟಿಸ್ಕೊಂಡು ಬಂದಾಗಿಂದ ನಿಮ್ಮೋರಿಗೆ ದಿಕ್ಕೇ ತಿಳೀತಿಲ್ಲ ಬಿಡು," ಎಂದ. "ಇಲಿ ತಿನ್ನೋನೆ, ಬಾಯ್ಮುಚ್ಕೊಂಡು ಸಾಮಾನು ತೋರ್ಸು," ಎಂದೆ. ರೇಡಿಯೋದ ಸದ್ದು ಏರಿಸಿ ಇಳಿಸುವ ನಾಬ್ ಕೊಟ್ಟ. ಬೆರಳಿಗೆ ಬೆಣ್ಣೆಯಂತಿತ್ತು, ತಂದು ಕೂರಿಸಿದೆ.

ವಿಮಾನವನ್ನು ಬೇಗ ಮುಗಿಸುವ ಅವಸರವೇಕೆಂದರೆ, ನನ್ನ ನಾದಿನಿ ಬ್ವಾಲ್ಯಾ ನೈರೋಬಿಯಲ್ಲಿ ಚೊಚ್ಚಲ ಬಸುರಿ. ವೈದ್ಯರು ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದರು. ಬಾಣಂತನಕ್ಕೆ ತಾಯಿ ಹೋಗಲೇಬೇಕು. ಬಸ್ಸಿನಲ್ಲಿ ಹೊರಟರೆ ತಲುಪುವಷ್ಟರಲ್ಲಿ ಮಗು ಅಂಬೆಗಾಲಿಡುತ್ತಿರುತ್ತದೆ. ವಿಮಾನವೆಂದರೆ ನಮ್ಮ ಅತ್ತೆಗೆ ಪ್ರಾಣಭಯ. "ಚಕ್ರ ನೆಲ ಬಿಟ್ಟ ಗಾಡಿಗೆ ನಾನು ಹತ್ತಲ್ಲ," ಎಂದು ಕೂತಿದ್ದರು. ಫೋನಿನಲ್ಲಿ ಮಗಳು ಅತ್ತಾಗ ತಾವೂ ಅಳುತ್ತಿದ್ದರು. ಗ್ಯಾರೇಜಿನ ವಿಮಾನ ನೈರೋಬಿ ಮುಟ್ಟುವುದನ್ನು ಕಣ್ಣಾರೆ ಕಂಡರೆ ಧೈರ್ಯ ಬಂದೀತೆಂದು ನನ್ನ ಹೆಂಡತಿ ಚಿಲುಫ್ಯಾ ಅವರನ್ನು ಒಪ್ಪಿಸಿದಳು.

ನಮ್ಮಲ್ಲಿ ಅಳಿಯನೂ ಅತ್ತೆಯೂ ಎದುರುಬದುರು ಕೂತು ಮಾತನಾಡುವಂತಿಲ್ಲ. ಆ ಬಿಗಿ ಸಡಿಲಿಸುವ ಊಟದ ಶಾಸ್ತ್ರ ಎಂದೋ ಆಗಿದ್ದರೂ ಅತ್ತೆ ಹಳೆಯ ಕಾಲದವರು, ಮದುವೆಯಾದಾಗಿನಿಂದ ನನ್ನೊಡನೆ ನೇರವಾಗಿ ಒಂದು ಮಾತನ್ನೂ ಆಡಿರಲಿಲ್ಲ. ಆದರೆ ವಿಮಾನದಲ್ಲಿ ಇಬ್ಬರೂ ಮುಂದಕ್ಕೆ ನೋಡುತ್ತಾ ಅಕ್ಕಪಕ್ಕ ಕೂರುವುದರಿಂದ ಯಾವ ಕಟ್ಟಳೆಯೂ ಮುರಿಯುವುದಿಲ್ಲವೆಂದು ಮನೆಯಲ್ಲಿ ತೀರ್ಮಾನವಾಯಿತು. ನಾನು ಎಡಕ್ಕೆ, ಅತ್ತೆ ಬಲಕ್ಕೆ, ಮಾತು ದಾಟಿಸಲು ಚಿಲುಫ್ಯಾ ಹಿಂದಕ್ಕೆ.

ಪರದೆಯ ಮೇಲೆ, ನಮಗೆ ಹತ್ತಿರದ ಎನ್‌ಡೋಲಾ ವಿಮಾನ ನಿಲ್ದಾಣದಿಂದ ಪಶ್ಚಿಮಕ್ಕೆ ಮುಖ ಮಾಡಿ ಮೇಲೆದ್ದೆವು. ಇನ್ನು ಬಲಕ್ಕೆ ಹೊರಳಿ, ಉತ್ತರವನ್ನು ದಾಟಿ, ಈಶಾನ್ಯಕ್ಕೆ ಹೋಗಬೇಕು. ರೇಡಿಯೋದ ನಾಬ್ ಉತ್ತರಕ್ಕೆ ಬಂದು ಟಕ್ಕೆಂದು ನಿಂತಿತು. ಸದ್ದಿಗೆ ಒಂದು ಕೊನೆ ಇರುತ್ತದೆ, ದಿಕ್ಕಿಗೆ ಇರುವುದಿಲ್ಲ. ಕೊಳ್ಳುವಾಗ ಈ ಬುದ್ಧಿ ನನಗೆ ಹೊಳೆದಿರಲಿಲ್ಲ. ವಿಧಿಯಿಲ್ಲದೆ ನಾಬನ್ನು ಹಿಂದಕ್ಕೆ ತಿರುಗಿಸಿದೆ, ವಿಮಾನ ದಕ್ಷಿಣದ ಕಡೆಯಿಂದ ಊರೆಲ್ಲ ಸುತ್ತತೊಡಗಿತು. "ಚಿಲುಫ್ಯಾ, ನಿನ್ನ ಗಂಡನಿಗೆ ಹೇಳು, ನೈರೋಬಿ ನಮ್ಮ ಬೆನ್ನ ಹಿಂದಿದೆ," ಎಂದರು ಅತ್ತೆ. "ರೀ, ಅಮ್ಮ ಹೇಳ್ತಿದ್ದಾರೆ..." ಎಂದು ಅವಳು ಶುರು ಮಾಡುವಷ್ಟರಲ್ಲಿ ಅವರು ಇಳಿದು ಹೋಗಿ, ಕಟ್ಟಿಟ್ಟಿದ್ದ ಪೆಟ್ಟಿಗೆಯನ್ನು ಬಿಚ್ಚಿ, ಸೊಂಟಕ್ಕೆ ಸುತ್ತಿಕೊಳ್ಳುವ ಚಿಟೆಂಗೆ ಬಟ್ಟೆಗಳನ್ನು ಮತ್ತೆ ಗೂಟಕ್ಕೆ ನೇತುಹಾಕಿದರು.

ಆಗ ನಮ್ಮ ಮನೆಗೆ ದಯಮಾಡಿಸಿದವರು ತಾವು. ಕೊನೆಯಿಲ್ಲದೆ ಸುತ್ತುವವರು, ಬೆರಳಿಗೆ ಟಿಕ್ ಟಿಕ್ ಎಂದು ಲೆಕ್ಕ ಹೇಳುವವರು, ಪೊಟ್ಟಣಕ್ಕೆ ಐವರು, ಬೆಲೆಯೋ ಎರಡು ದಿನದ ಒಣಮೀನಿನದು. ತಮ್ಮ ಗುಣಗಳನ್ನು ಎಷ್ಟು ಹೊಗಳಲಿ! ಒಂದು ಟಿಕ್ಕಿಗೆ ಒಂದು ಡಿಗ್ರಿ ಕೊಡುವ ಜಿಪುಣತನ ತಮ್ಮಲ್ಲಿಲ್ಲ, ಎರಡೆರಡು ಕೊಡುತ್ತೀರಿ. ನೈರೋಬಿಯ ದಿಕ್ಕು ಮೂವತ್ತೈದು. ತಾವು ಮೂವತ್ತನಾಲ್ಕನ್ನು ತೋರಿಸಿದಿರಿ, ಮೂವತ್ತಾರನ್ನು ತೋರಿಸಿದಿರಿ, ನಡುವಿನದನ್ನು ಮುಟ್ಟಿದರೆ ಮೈಲಿಗೆಯಾದೀತೆಂಬಂತೆ ದಾಟಿ ಹೋದಿರಿ. ಕಂಪ್ಯೂಟರಿನಲ್ಲಿ ಒಂದು ಅಂಕಿ ಬದಲಿಸಿದರೆ ಸರಿಹೋಗುತ್ತದೆಂದು ಬಲ್ಲವರು ಹೇಳುತ್ತಾರೆ. ಆದರೆ ನಮ್ಮ ಮಗ ಕದ್ದರೆ ಪಕ್ಕದ ಮನೆಯವರಿಗೆ ಬುದ್ಧಿ ಹೇಳುವುದು ನನ್ನ ಜಾಯಮಾನವಲ್ಲ. ಆದಕಾರಣ ನನ್ನ ನಮ್ರ ಬೇಡಿಕೆಯೆಂದರೆ, ತಾವು ಸಂಬಂಧಪಟ್ಟವರಿಗೆ ಶಿಫಾರಸು ಮಾಡಿ ನೈರೋಬಿ ನಗರವನ್ನು ಒಂದು ಡಿಗ್ರಿಯಷ್ಟು ಎಡಕ್ಕೋ ಬಲಕ್ಕೋ, ತಮಗೆ ಅನುಕೂಲವಾದ ಕಡೆಗೆ, ಸರಿಸಿಕೊಡಬೇಕು. ಜೊತೆಗೆ, ಬೇಗ ತಿರುಗಿಸಿದಾಗ ಲೆಕ್ಕವನ್ನು ಹಿಂದಕ್ಕೆ ಓಡಿಸುವ ತಮ್ಮ ಮನೆತನದ ಪದ್ಧತಿಗೆ ನನ್ನ ತಕರಾರಿಲ್ಲ. ಮುಂಚಿತವಾಗಿ ಒಂದು ಸಾಲು ಬರೆದು ತಿಳಿಸಿದರೆ ಉಪಕಾರವಾಗುತ್ತದೆ.

ಎರಡನೆಯ ಹಾರಾಟಕ್ಕೆ ಅತ್ತೆಯನ್ನು ಹತ್ತಿಸಲು ಚಿಲುಫ್ಯಾ ಕಾಲು ಹಿಡಿಯುವುದೊಂದೇ ಬಾಕಿಯಿತ್ತು. ಅಂದು ತಾವು ಉತ್ತರವನ್ನು ದಾಟಿದ ಚಂದ ನೋಡಿ ನನ್ನ ಕಣ್ಣು ತುಂಬಿತ್ತು, ಸುಳ್ಳು ಹೇಳಲಾರೆ. ಆಮೇಲೆ ತಾವೂ ನಾನೂ ಮೂವತ್ತೈದಕ್ಕಾಗಿ ಗುದ್ದಾಡುತ್ತಿರುವಾಗ ಮುಂದೆ ಗುಡ್ಡ ಕಾಣಿಸಿತು. ಎತ್ತರ ಹೆಚ್ಚಿಸಲೆಂದು ಆ ಹೊಣೆ ಹೊತ್ತ ತಮ್ಮ ಸಹೋದರರೊಬ್ಬರ ಕಿವಿಯನ್ನು ಬೇಗ ಬೇಗ ತಿರುಪಿದೆ. ಅವರು ಮನೆತನದ ಪದ್ಧತಿಯನ್ನು ಪಾಲಿಸಿದರು. ವಿಮಾನ ತಲೆ ತಗ್ಗಿಸಿಕೊಂಡು ನೇರ ಗುಡ್ಡಕ್ಕೆ ಹೋಗಿ ಬಡಿಯಿತು, ಪರದೆ ಕಪ್ಪಾಯಿತು.

ಬಾಣಂತನದ ಆಸೆ ಅಲ್ಲಿಗೆ ಮುಗಿಯಿತೆಂದು ನಾನು ತಲೆ ತಗ್ಗಿಸಿ ಕೂತೆ. ಆಗ ಬಲಗಡೆಯಿಂದ ಧ್ವನಿ ಬಂತು, ಚಿಲುಫ್ಯಾಳಿಗಲ್ಲ, ನನಗೆ. "ಅಳಿಯಂದ್ರೇ, ನಾವು ಸತ್ತ್ವಾ?"

"ಹೌದು ಅತ್ತೆ, ಸತ್ತ್ವಿ."

"ಸತ್ತೋರಿಗೆ ಯಾವ ಕಟ್ಟಳೆ? ಈ ಕಡೆ ತಿರುಗಿ." ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನಾನು ಅತ್ತೆಯ ಮುಖವನ್ನು ಸರಿಯಾಗಿ ನೋಡಿದೆ. ಚಿಲುಫ್ಯಾಳ ಮೂಗು ಅದೇ, ಬ್ವಾಲ್ಯಾಳ ಕಣ್ಣು ಅದೇ. ಅವರು ನಗುತ್ತಿದ್ದರು. "ಇದಕ್ಕೇನಾ ನಾನು ಇಷ್ಟು ದಿನ ಹೆದರಿದ್ದು? ನೀವು ಓಡ್ಸಿದ್ರಲ್ಲೇ ಕೂತು ಎದ್ದು ಬಂದಿದೀನಿ. ನಿಜವಾದ್ದು ಇದಕ್ಕಿಂತ ಕೆಟ್ಟದಾಗಿರೋಕೆ ಸಾಧ್ಯಾನೇ ಇಲ್ಲ. ಟಿಕೆಟ್ ತಗೊಳ್ಳಿ."

ಮಾನ್ಯರೇ, ಅತ್ತೆ ಹೋದರು. ಹೆಣ್ಣು ಮಗು ಹುಟ್ಟಿದಾಗ ಅಜ್ಜಿಯ ಕೈ ತಾಯಿಯ ಹಣೆಯ ಮೇಲಿತ್ತು. ಸುದ್ದಿ ಕೇಳಿ ನಾನು ಗ್ಯಾರೇಜಿಗೆ ಬಂದು ಒಬ್ಬನೇ ಕೂತು ಕಣ್ಣೀರು ಹಾಕಿದೆ, ಅದನ್ನು ತಾವು ನೋಡಿದ್ದೀರಿ. ಹೊರಗೆ ಹೇಳಬಾರದಾಗಿ ವಿನಂತಿ. ನನ್ನ ಕೈಚಳಕದಿಂದ ಆಗದ ಕೆಲಸ ತಮ್ಮ ದೋಷದಿಂದ ಆಯಿತೆಂದು ಒಪ್ಪಿಕೊಳ್ಳಲು ಮನಸ್ಸು ಬಾರದೆ ಈ ದೂರನ್ನು ಬರೆದಿದ್ದೇನೆ. ದಯವಿಟ್ಟು ದೂರೆಂದೇ ಭಾವಿಸಬೇಕು.

ತಮ್ಮ ವಿಶ್ವಾಸಿ, ತಮ್ಮನ್ನು ನಂಬಿ ಗುಡ್ಡಕ್ಕೆ ಬಡಿದವನು,
ಮುಸೋಂಡಾ ಕಪೆಂಬ್ವಾ

ತಾ.ಕ.: ಅತ್ತೆ ಈಗ ಮಗಳ ಮಧ್ಯಸ್ಥಿಕೆಯಿಲ್ಲದೆ ನನಗೇ ಫೋನ್ ಮಾಡುತ್ತಾರೆ. ನಿನ್ನೆ ಕೇಳಿದರು: "ಅಳಿಯಂದ್ರೇ, ಮುಂದಿನ ತಿಂಗಳು ಬರ್ತೀನಿ. ಗ್ಯಾರೇಜಿನ ವಿಮಾನ ಇದೆ ತಾನೆ? ಈ ಸಲ ಎಡಗಡೆ ಸೀಟು ನನಗೆ." ಎಡಗಡೆಯದು ಕ್ಯಾಪ್ಟನ್ನರ ಸೀಟೆಂದು ಅವರಿಗೆ ಹೇಳಿಕೊಟ್ಟವರು ಯಾರೋ, ಕೇಳುವ ಧೈರ್ಯ ನನಗಾಗಲಿಲ್ಲ. ಅತ್ತೆ ಹಟಮಾರಿ ಮಕ್ಕಳ ಕಿವಿ ಹಿಂಡಿ ಐವರನ್ನು ಬೆಳೆಸಿದವರು. ತಮ್ಮ ಪೊಟ್ಟಣದಲ್ಲೂ ಐವರೇ ಇದ್ದೀರಿ. ಎಲ್ಲರಿಗೂ ವಿಷಯ ತಿಳಿಸಿಬಿಡಿ.