ಅತ್ತೆಯ ಕುರ್ಚಿಯಲ್ಲಿ ಕೂತವರು

ಬೊಂಬೆ ಮಾಡುವವನ ಕೈಗೆ ಬೇರೆ ಕೆಲಸ ಕೊಟ್ಟರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಚನ್ನಪಟ್ಟಣದಲ್ಲಿ ಲೇತ್ ಮುಂದೆ ಕೂತು ಗಿಲಕಿ, ಬುಗುರಿ, ಬೆರಳುದ್ದದ ಮೇಜು ಕುರ್ಚಿ ಕಡೆದೇ ನನ್ನ ತಲೆ ಬೆಳ್ಳಗಾಗಿದೆ. ಮನುಷ್ಯರು ಕೂರುವ ಕುರ್ಚಿ ಮಾತ್ರ ಒಂದೇ ಒಂದು ಮಾಡಿದ್ದೇನೆ. ಅದರ ಕಥೆ ಹೇಳು ಎಂದು ನೆಂಟರು ಈಗಲೂ ಪೀಡಿಸುತ್ತಾರೆ. ನಾನು ಹೇಳದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ. ಅವಳು ಹೇಳಿದರೆ ಉಳಿದಿರುವ ಮರ್ಯಾದೆಯೂ ಹೋಗುತ್ತದೆ. ಅದಕ್ಕೇ ನಾನೇ ಹೇಳಿಬಿಡುತ್ತೇನೆ.

೧. ಜೋಡಿ ಕುರ್ಚಿ

ಹೊಂಗನೂರಿನಲ್ಲಿ ನನ್ನ ಸೋದರತ್ತೆ ಇದ್ದಾಳೆ, ಅಪ್ಪನ ಅಕ್ಕ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ರೇಷ್ಮೆ ಹುಳ ಸಾಕುತ್ತಾಳೆ, ಊರಿಗೆಲ್ಲ ಬುದ್ಧಿ ಹೇಳುತ್ತಾಳೆ, ಮೈಕಟ್ಟು ಕೂಡ ಆ ಮಾತಿಗೆ ತಕ್ಕಷ್ಟು ದೊಡ್ಡದು.

ಒಮ್ಮೆ ವಿರೂಪಾಕ್ಷಿಪುರದ ಕಡೆ ಮದುವೆ ಊಟಕ್ಕೆ ಹೋಗಿದ್ದೆವು. ಅತ್ತೆ ಕೂತ ಪ್ಲಾಸ್ಟಿಕ್ ಕುರ್ಚಿಯ ಹಿಂಗಾಲು ಮೆಲ್ಲಗೆ ಅಗಲವಾಗುತ್ತಾ ಹೋದವು. ಅತ್ತೆ ಅವಸರವಿಲ್ಲದೆ ಕೆಳಗಿಳಿದಳು. ನೆಲ ಮುಟ್ಟಿದಾಗಲೂ ಒಬ್ಬಟ್ಟು ಕೈಯಲ್ಲೇ ಇತ್ತು. ಬಿದ್ದದ್ದಕ್ಕೆ ಅವಳಿಗೆ ಬೇಜಾರಾಗಲಿಲ್ಲ. ಶಾಮಿಯಾನದವನು ಓಡಿಬಂದು, ಒಂದರೊಳಗೊಂದು ಸೇರಿಸಿದ ಎರಡು ಕುರ್ಚಿಯನ್ನು ಎಲ್ಲರೆದುರು ತಂದಿಟ್ಟನಲ್ಲ, ಅದು ಅವಮಾನವಾಯಿತು. ಆದರೂ ಒಬ್ಬಟ್ಟು ಬಾಕಿ ಇತ್ತು, ಕೂತಳು. ಊಟ ಮುಗಿಸಿ ಎದ್ದಾಗ ಎರಡು ಕುರ್ಚಿಯೂ ಅವಳ ಜೊತೆಗೇ ಎದ್ದವು. ಬಿಡಿಸಲು ನಾನೂ ಶಾಮಿಯಾನದವನೂ ಸೇರಿ ಎಳೆಯಬೇಕಾಯಿತು.

ಬಸ್ಸಿನಲ್ಲಿ ಬರುವಾಗ ಅತ್ತೆ ತೀರ್ಪು ಕೊಟ್ಟಳು. "ಊರೋರ ಮಕ್ಕಳಿಗೆಲ್ಲ ಬೊಂಬೆ ಮಾಡ್ತೀಯ. ನಂಗೊಂದು ಮರದ ಕುರ್ಚಿ ನಿನ್ ಕೈಯಾರೆ ಮಾಡ್ಕೊಡು. ಕೂರೋ ಜಾಗ ಹೆಣೆದಿರ್ಬೇಕು. ಇಲ್ದಿದ್ರೆ ನಿನ್ ಮಗಳ ಮದ್ವೆಗೆ ನಾನು ಬರಾಕಿಲ್ಲ."

ನಮ್ಮ ಮನೆಯಲ್ಲಿ ಮದುಮಗಳಿಗೆ ಮೊದಲ ಅರಿಶಿನ ಹಚ್ಚುವುದು ಹಿರಿಯ ಹೆಂಗಸು. ಅವ್ವ ಇಲ್ಲ. ಅತ್ತೆಯೂ ಬಾರದಿದ್ದರೆ ಆ ಜಾಗ ಖಾಲಿ. ಕುರ್ಚಿ ಮಾಡಿಯೇ ತೀರುತ್ತೇನೆ ಎಂದು ಮನೆಗೆ ಬಂದು ಹೇಳಿದೆ. ಹೆಂಡತಿ ಕೇಳಿದ್ದು ಒಂದೇ ಮಾತು, "ಬೆರಳುದ್ದ ಇರಾಕಿಲ್ಲ ತಾನೆ?"

೨. ಅಳತೆ

ಕುರ್ಚಿಗೆ ಅಗಲ ಎಷ್ಟಿರಬೇಕು ಎಂದು ಗೊತ್ತಾಗಬೇಕು. ಅತ್ತೆಯ ಹಿಂದೆ ಟೇಪು ಹಿಡಿದು ನಿಲ್ಲುವ ಧೈರ್ಯ ಯಾರಿಗಿದೆ? ಹೊಂಗನೂರಿಗೆ ಹೋದೆ. ಅತ್ತೆ ಜಗಲಿಯ ಮೇಲೆ ಕೂತು ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ಪಕ್ಕದಲ್ಲಿ ಕೂತು ಊರ ಸುದ್ದಿ ಕೇಳುತ್ತಾ, ಕೈ ಹಿಂದೆ ಮಾಡಿ, ಅವಳ ಬಲಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದೆ. ಎಡಕ್ಕೆ ಹೋಗಲು ನೆಪ ಬೇಕಿತ್ತು. ನೀರು ಕುಡಿಯಲು ಒಳಗೆ ಹೋಗಿ, ಬಂದು ಆ ಕಡೆ ಕೂತೆ. ಅಷ್ಟರಲ್ಲಿ ಅತ್ತೆ ಮಾತಿನ ಭರದಲ್ಲಿ ಸರಿದು ಮೊದಲ ಗೆರೆಯ ಮೇಲೇ ಕೂತಿದ್ದಳು. ಮತ್ತೆ ಬಲಕ್ಕೆ ಹೋಗಬೇಕು, ಮತ್ತೆ ನೀರು ಕುಡಿಯಬೇಕು. ಹೊಟ್ಟೆ ತುಂಬಾ ನೀರಾದ ಮೇಲೆ ಅತ್ತೆ ಕತ್ತಿ ಕೆಳಗಿಟ್ಟಳು.

"ಏನ್ಲಾ, ನನ್ ಸುತ್ತ ಮಂಡ್ಲ ಬರೀತಿದ್ದೀಯ?"

ನಿಜ ಹೇಳಿ ತಲೆ ತಗ್ಗಿಸಿದೆ. ಬೈಗುಳ ಬರಲಿಲ್ಲ. ಅತ್ತೆ ನನ್ನ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು, ನನ್ನ ಗೆರೆಗಳಾಚೆ ಎರಡು ಕಡೆಯೂ ಹೊಸ ಗೆರೆ ಎಳೆದಳು. "ಊಟ ಆದ್ಮೇಲೂ ಅದ್ರಾಗೇ ಕೂರಬೇಕಲ್ಲ, ಅದುನ್ನೂ ಲೆಕ್ಕ ಹಿಡಿ."

೩. ಬಳೆ ತೊಟ್ಟ ಕಾಲು

ಅತ್ತೆಯ ಹಿತ್ತಲಲ್ಲಿ ಹಲಸಿನ ಮರವೊಂದು ಬಿದ್ದು ಚೆನ್ನಾಗಿ ಒಣಗಿತ್ತು. ಅದನ್ನೇ ಕೊಯ್ಯಿಸಿ ತಂದು, ಕುರ್ಚಿಯ ಕಾಲುಗಳನ್ನು ಲೇತ್‌ಗೆ ಹಾಕಿ ಕಡೆಯಲು ಕೂತೆ. ಕೈ ಕೆಲಸದಲ್ಲಿತ್ತು, ತಲೆ ಮದುವೆಯಲ್ಲಿತ್ತು. ಅಡುಗೆಯವರು, ಛತ್ರ, ಬೀಗರು ಎಂದು ಯೋಚಿಸುತ್ತಾ ಯೋಚಿಸುತ್ತಾ ಲೇತ್ ನಿಲ್ಲಿಸಿ ನೋಡಿದರೆ, ಮುಂಗಾಲೆರಡರಲ್ಲೂ ಬಳೆ. ಗಿಲಕಿಯ ಹಿಡಿಯಲ್ಲಿ ಅದೇ ಮರದಿಂದ ಬಿಡಿಸಿ ಕಡೆಯುತ್ತೇವಲ್ಲ, ಸಡಿಲವಾಗಿ ಆಡುತ್ತದೆ, ಕಳಚಿ ಮಾತ್ರ ಬರುವುದಿಲ್ಲ, ಅಂಥ ಬಳೆ. ಅರಗಿನ ಬಣ್ಣವನ್ನೂ ಹಚ್ಚಿಬಿಟ್ಟಿದ್ದೆ, ಒಂದಕ್ಕೆ ಕೆಂಪು, ಇನ್ನೊಂದಕ್ಕೆ ಹಳದಿ.

ಒಡೆದು ತೆಗೆಯಬಹುದಿತ್ತು. ಆದರೆ ಬಹಳ ಚೆನ್ನಾಗಿ ಬಂದಿದ್ದವು, ಮನಸ್ಸಾಗಲಿಲ್ಲ. ಕಾಲಿಗೆ ತೂತು ಕೊರೆದು, ಅಡ್ಡಪಟ್ಟಿ ಬಡಿದು, ಒಂದು ಮೊಳೆಯೂ ಇಲ್ಲದೆ ಕುರ್ಚಿ ಜೋಡಿಸಿದೆ. ಎತ್ತಿಟ್ಟರೆ ಗಲಗಲ, ಸರಿಸಿದರೆ ಗಲಗಲ.

ಹೆಂಡತಿ ಅದರ ಸುತ್ತ ಒಂದು ಸುತ್ತು ಬಂದು ಹೇಳಿದಳು, "ಚೆನ್ನಾಗೈತೆ ಕಣ್ರೀ. ಅತ್ತೆಮ್ಮ ರಚ್ಚೆ ಹಿಡುದ್ರೆ ಅಲ್ಲಾಡ್ಸಿ ಸಮಾಧಾನ ಮಾಡ್ಬೋದು."

೪. ಸುರುಳಿ

ಕೂರುವ ಜಾಗ ಹೆಣೆಯಲು ಹೊಂಗನೂರಿನಲ್ಲೇ ಒಬ್ಬ ಸಿಕ್ಕ. ಅವನು ಹೆಣೆಯುವುದು ಚಂದ್ರಿಕೆ. ಬಲಿತು ಹಣ್ಣಾದ ರೇಷ್ಮೆ ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಅದು. ಚಾಪೆಯಂಥ ತಳ, ಅದರ ಮೇಲೆ ಸುರುಳಿ ಸುರುಳಿಯಾಗಿ ನಿಲ್ಲಿಸಿದ ಪಟ್ಟಿ. ಕೈ ಪಳಗಿದೆ, ಇನ್ನೇನು ಬೇಕು ಎಂದುಕೊಂಡು, ಕುರ್ಚಿಯನ್ನು ಅತ್ತೆಯ ಮನೆಗೆ ಒಯ್ದು, ಬೆತ್ತದ ಪಟ್ಟಿ ಕೊಟ್ಟು, ಅವನನ್ನು ಜಗಲಿಯಲ್ಲಿ ಕೂರಿಸಿ, ಮದುವೆ ಪತ್ರಿಕೆ ಹಂಚಲು ಸಾತನೂರಿನ ಕಡೆ ಹೋದೆ.

ಸಂಜೆ ಬಂದು ನೋಡಿದೆ. ತಳದ ಹೆಣಿಗೆ ಬಿಗಿಯಾಗಿ, ನೋಡಲು ಸೊಗಸಾಗಿತ್ತು. ಅದರ ಮೇಲೆ ಎರಡು ಬೆರಳೆತ್ತರದ ಸುರುಳಿ ಅಂಚಿನಿಂದ ನಡುವಿನವರೆಗೂ ಎದ್ದು ನಿಂತಿತ್ತು. ಇದರ ಮೇಲೆ ಹೇಗಪ್ಪಾ ಕೂರುವುದು ಎಂದೆ. ಅವನು ಬೆವರು ಒರೆಸಿಕೊಂಡು ಕುರ್ಚಿಯನ್ನು ದಿಟ್ಟಿಸಿದ. ಅವನಿಗೂ ಹೊಳೆದದ್ದು ಆಗಲೇ.

"ತಳ ಮುಗೀತಿದ್ದಂಗೆ ಕೈ ತಾನಾಗೇ ಸುತ್ಕೊಂಡು ಹೋಗ್ಬುಡ್ತು ಕಣಣ್ಣ. ನಾಳಿದ್ದು ಬಂದು ಬಿಚ್ಚಾಕ್ತೀನಿ."

ಕೈಗೊಂದು ಬುದ್ಧಿ ಬೇಡವೇ ಎಂದು ಬೈಯಲು ಬಾಯಿ ತೆಗೆದೆ. ಅತ್ತೆ ಕುರ್ಚಿಯ ಮುಂಗಾಲಿನ ಬಳೆಯನ್ನು ಹೆಬ್ಬೆರಳಿನಿಂದ ಒಮ್ಮೆ ಗಲಗಲ ಎನ್ನಿಸಿ ನನ್ನ ಮುಖ ನೋಡಿದಳು. ತೆಗೆದ ಬಾಯಲ್ಲಿ ಕೂಲಿ ಎಷ್ಟಾಯಿತು ಎಂದು ಕೇಳಿದೆ.

೫. ಮೊದಲು ಕೂತವರು

ಆ ವಾರ ಬಿಸಿಲು ವಿಪರೀತ ಏರಿತು. ಮದುವೆ ಮುಗಿದ ಮೇಲೆ ಹಣ್ಣಾಗಬೇಕಿದ್ದ ಹುಳ ಊರಲ್ಲೆಲ್ಲ ಒಟ್ಟಿಗೇ ಹಣ್ಣಾದವು. ಬಾಡಿಗೆಗೆ ಚಂದ್ರಿಕೆ ಇಲ್ಲ, ಹೆಣೆಯುವವನಿಗೆ ಬಂದು ಸುರುಳಿ ಬಿಚ್ಚಲು ಬಿಡುವಿಲ್ಲ. ಇದೊಂದೂ ನಮಗೆ ಗೊತ್ತಿಲ್ಲ.

ಅರಿಶಿನದ ದಿನ ಚನ್ನಪಟ್ಟಣದ ಛತ್ರದಲ್ಲಿ ಎಲ್ಲ ಸಿದ್ಧವಾಗಿ ಕಾದೆವು. ಅತ್ತೆ ಬರಲಿಲ್ಲ, ಫೋನೂ ಎತ್ತಲಿಲ್ಲ. ಹೊತ್ತು ಮೀರುತ್ತದೆ, ಶುರು ಮಾಡಿ ಎಂದರು ಹಿರಿಯರು. ಅಜ್ಜಿ ಬರುವವರೆಗೆ ಯಾರೂ ಮುಟ್ಟಬೇಡಿ ಎಂದು ಮಗಳು ಹಸೆಮಣೆಯಲ್ಲಿ ಕೂತೇ ಹಟ ಹಿಡಿದಳು. ಅವನು ಸುರುಳಿ ಬಿಚ್ಚಲೇ ಇಲ್ಲವೇನೋ, ಅದಕ್ಕೇ ಅತ್ತೆ ಮುನಿಸಿಕೊಂಡಳೇನೋ ಎಂದು ನನಗೆ ಅಳುವೇ ಬಂತು.

ಆಗ ಬಾಗಿಲ ಕಡೆಯಿಂದ ಗಲಗಲ ಕೇಳಿಸಿತು.

ಗೂಡ್ಸ್ ಆಟೋದಿಂದ ಇಬ್ಬರು ಕುರ್ಚಿಯನ್ನು ಉತ್ಸವಮೂರ್ತಿಯ ಹಾಗೆ ಇಳಿಸುತ್ತಿದ್ದರು. ಹಿಂದೆ ರೇಷ್ಮೆ ಸೀರೆಯ ಅತ್ತೆ, ಅಲ್ಲಾಡಿಸಬೇಡಿ ಎಂದು ಬೈಯುತ್ತಾ. ಹತ್ತಿರ ತಂದಿಟ್ಟಾಗ ನೋಡಿದೆ. ಸುರುಳಿಯ ತುಂಬಾ ಹುಳ. ಒಂದೊಂದೂ ತಲೆಯಾಡಿಸುತ್ತಾ ಗೂಡು ಕಟ್ಟುತ್ತಿತ್ತು.

"ಚಂದ್ರಿಕೆ ಸಾಲ್ನಿಲ್ಲ ಕಣ್ಲಾ. ನೆಲದ್ ಮ್ಯಾಲೆ ಬುಟ್ಟು ಬಂದ್ರೆ ಇರುವೆ ಬುಡ್ತವಾ? ಅದ್ಕೇ ಕರ್ಕೊಂಡೇ ಬಂದೆ."

ವಾಲಗದವರಿಗೆ ಮೆಲ್ಲಗೆ ಊದಲು ಹೇಳಿ, ಕೈ ತೊಳೆದು, ಮಗಳ ಕೆನ್ನೆಗೆ ಅರಿಶಿನ ಹಚ್ಚಿದಳು. ಮಗಳು ನಕ್ಕಳು. ನನಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ಆಮೇಲೆ ಅತ್ತೆ ಕೂರಲು ಜಾಗ ಹುಡುಕಿದಳು. ನಮ್ಮ ಗ್ರಹಚಾರಕ್ಕೆ ಛತ್ರಕ್ಕೆ ಕುರ್ಚಿ ತಂದಿದ್ದವನು ಅದೇ ಶಾಮಿಯಾನದವನು. ಅವನು ಅತ್ತೆಯನ್ನು ಕಂಡದ್ದೇ ಎರಡು ಕುರ್ಚಿ ಸೇರಿಸಿ ತಂದಿಟ್ಟ. ಅತ್ತೆ ತನ್ನ ಹುಳಗಳ ಕಡೆ ಒಮ್ಮೆ ನೋಡಿ, ಅದರಲ್ಲೇ ಕೂತಳು.

ಫೋಟೋದವನು ಹುಳದ ಕುರ್ಚಿಯನ್ನು ಆಚೆ ಸರಿಸಲು ಹೇಳಿದ. ಅವೂ ಮನೆಯವೇ, ಇರಲಿ ಎಂದಳು ಅತ್ತೆ. ನಡುವೆ ನಾನು ಮಾಡಿದ ಕುರ್ಚಿ, ಅಕ್ಕಪಕ್ಕ ನಾವು. ಅವನು ಇನ್ನೇನು ಗುಂಡಿ ಒತ್ತಬೇಕು, ಅಷ್ಟರಲ್ಲಿ ಮಗಳ ತಲೆಯ ಮೇಲೆ ಕೈಯಿಡಲು ಅತ್ತೆ ಎದ್ದಳು. ಎರಡು ಕುರ್ಚಿಯೂ ಎದ್ದವು. ನಾನು ಒಂದು ಕಡೆಯಿಂದ, ಶಾಮಿಯಾನದವನು ಇನ್ನೊಂದು ಕಡೆಯಿಂದ ಎಳೆಯುತ್ತಿರುವುದು ಫೋಟೋದಲ್ಲಿ ಚೆನ್ನಾಗಿ ಬಿದ್ದಿದೆ.

ಬಿಡಿಸಿಕೊಂಡ ಅತ್ತೆ ಸುಧಾರಿಸಿಕೊಂಡು, ಮರದ ಕುರ್ಚಿಯ ಬೆನ್ನನ್ನು ಪ್ರೀತಿಯಿಂದ ಸವರಿದಳು.

"ಒಳ್ಳೇ ಗಟ್ಟಿ ಕುರ್ಚಿ ಮಾಡಿದ್ದೀಯ ಕಣ್ ಮಗ. ನೋಡು, ಇಷ್ಟೊಂದು ಹುಳ ಕೂತವೆ, ಒಸಿನಾದ್ರೂ ಕಿರ್ ಅಂತದಾ?"