ಬಿಚ್ಚಲಾಗದ ಭಾಗ

ಹೈಸ್ಕೂಲು ಮಕ್ಕಳಿಗೆ ಕೈಯಾರೆ ಎಂಜಿನಿಯರಿಂಗ್ ಕಲಿಸುವ ಶಿಬಿರವೆಂದರೆ, ಮಕ್ಕಳ ಹೆಸರಿನಲ್ಲಿ ಅಪ್ಪಂದಿರು ಯಂತ್ರ ಮಾಡಿ ಕಳಿಸುವ ವ್ಯವಸ್ಥೆ ಎಂದೇ ನಾನು ಬಹಳ ಕಾಲ ನಂಬಿದ್ದೆ. ಹಾಗಾಗಿ ಒಂಬತ್ತನೇ ತರಗತಿಯ ಮಗಳು ಆರು ವಾರ ನನ್ನನ್ನು ಒಂದು ಮಾತೂ ಕೇಳದೆ ಭಾರ ಎತ್ತುವ ಯಂತ್ರ ಕಟ್ಟಿ ನಿಲ್ಲಿಸಿದಾಗ ನನಗಾದದ್ದು ಸಂತೋಷವಲ್ಲ, ಅವಮಾನ. ಮನೆಯಲ್ಲೇ ಇಂಥ ಪ್ರತಿಭೆ ಇಟ್ಟುಕೊಂಡು! ಯಾರ ನೆರವೂ ಇಲ್ಲದೆ ಕುರ್ಚಿಯ ಕಾಲು ಸರಿಮಾಡಿದ ಮನುಷ್ಯ ನಾನು. ಆ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ, ಅದು ಬೇರೆ ವಿಷಯ.

ಶಿಬಿರದ ಕೊನೆಯ ಪರೀಕ್ಷೆಯ ಬೆಳಗ್ಗೆ ಅವಳು ಸ್ನಾನಕ್ಕೆ ಹೋದದ್ದೇ ತಡ, ಯಂತ್ರವನ್ನು ತಪಾಸಣೆ ಮಾಡಿದೆ. ಸೈಕಲ್ ಚಕ್ರ, ರಾಟೆ, ಹಗ್ಗ ಎಲ್ಲ ಸರಿ. ಆದರೆ ತಳದ ಹಲಗೆಯ ಬೋಲ್ಟುಗಳು ಬೆರಳಲ್ಲೇ ತಿರುಗುತ್ತಿದ್ದವು! ವಂಶದ ಮರ್ಯಾದೆ ಉಳಿಸಲು ಪಣತೊಟ್ಟು, ಕ್ಷಣದಲ್ಲಿ ಕಚ್ಚಿಕೊಳ್ಳುವ ಗಮ್ಮು ತಂದೆ. ಕಚ್ಚಿಕೊಂಡಿತು. ಬೋಲ್ಟನ್ನಲ್ಲ, ನನ್ನ ಹೆಬ್ಬೆರಳನ್ನು ಹಲಗೆಗೆ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ಯಾವ ಕೈ?"

"ಎಡಗೈ."

"ಸದ್ಯ. ಆಫೀಸಿಗೆ ರಜೆ ಚೀಟಿ ಬರೆಯೋಕೆ ಬಲಗೈ ಇದೆಯಲ್ಲ."

ಮಗಳು ಅಳಲಿಲ್ಲ, ಬೈಯಲಿಲ್ಲ. ಸಣ್ಣ ಮಗುವಿಗೆ ಹೇಳುವಂತೆ ವಿವರಿಸಿದಳು: ತೀರ್ಪುಗಾರರ ಮುಂದೆ ಯಂತ್ರವನ್ನು ಪೂರ್ತಿ ಬಿಚ್ಚಿ, ಹದಿನೈದು ನಿಮಿಷದಲ್ಲಿ ಮತ್ತೆ ಜೋಡಿಸಿ, ನೀರಿನ ಕ್ಯಾನು ಎತ್ತಬೇಕು. ಬೋಲ್ಟು ಸಡಿಲ ಬಿಟ್ಟದ್ದೇ ಅದಕ್ಕೆ. ತಪ್ಪಿದರೆ ಮುಂದಿನ ಹಂತಕ್ಕೆ ಸೀಟಿಲ್ಲ. ಬಿಸಿನೀರು, ಸೋಪು, ಎಣ್ಣೆ ಎಲ್ಲ ಆಯಿತು. ಹೆಬ್ಬೆರಳು ಜಪ್ಪಯ್ಯ ಎನ್ನಲಿಲ್ಲ. ಹೊತ್ತಾಯಿತು. ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ನಾನೂ ಅದರ ಸಾಮಾನಾಗಿ, ಹೆಂಡತಿ ಓಡಿಸುವ ಕಾರಿನ ಹಿಂದಿನ ಸೀಟಿನಲ್ಲಿ ಹೊರಟೆ.

ತೀರ್ಪುಗಾರ್ತಿ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತರಾದವರು. ಕನ್ನಡಕದ ಮೇಲಿಂದ ನನ್ನನ್ನು ಅಳೆದರು.

"ಮನೆಯವರು ಯಂತ್ರ ಮುಟ್ಟೋ ಹಾಗಿಲ್ಲ. ಗೊತ್ತಲ್ವಾ?"

"ಅಪ್ಪ ಮುಟ್ತಾ ಇಲ್ಲ ಮೇಡಂ, ಅಂಟಿದ್ದಾರೆ. ಇದೊಂದು ಭಾಗ ಬಿಚ್ಚೋಕಾಗಲ್ಲ. ಉಳಿದದ್ದೆಲ್ಲ ಬಿಚ್ಚಿ ಜೋಡಿಸ್ತೀನಿ."

ಅವರು ಯೋಚಿಸಿ ಒಪ್ಪಿದರು. ಎರಡು ಷರತ್ತು: ನನ್ನ ಬಲಗೈ ಬೆನ್ನ ಹಿಂದಿರಬೇಕು, ಬಾಯಿ ಮುಚ್ಚಿರಬೇಕು. ಮೊದಲನೆಯದು ಸುಲಭವಾಗಿತ್ತು.

ಗಂಟೆ ಹೊಡೆಯಿತು. ನನ್ನ ಕಂಕುಳ ಕೆಳಗಿಂದ ಸ್ಪ್ಯಾನರು ಹೋಯಿತು, ಕಿವಿಯ ಪಕ್ಕದಿಂದ ಚಕ್ರ ಬಂತು. ಹಗ್ಗ ಒಮ್ಮೆ ನನ್ನ ಕುತ್ತಿಗೆಗೂ ಸುತ್ತಿ, ಯೋಚಿಸಿ, ಬಿಚ್ಚಿಕೊಂಡಿತು. ಹನ್ನೊಂದೇ ನಿಮಿಷ! ಕ್ಯಾನು ಒಂದು ಹನಿಯೂ ಚೆಲ್ಲದೆ ಮಹಾರಾಣಿಯಂತೆ ಮೇಲೇರಿತು. ಸಭಾಂಗಣವೆಲ್ಲ ಚಪ್ಪಾಳೆ. ಸೀಟು ಅವಳದ್ದಾಯಿತು. ಒಂದು ಕೈ ಹಲಗೆಗೂ ಇನ್ನೊಂದು ಷರತ್ತಿಗೂ ಸಿಕ್ಕಿಬಿದ್ದಿದ್ದರಿಂದ ನಾನು ಕಣ್ಣಲ್ಲೇ ಚಪ್ಪಾಳೆ ತಟ್ಟಿದೆ. ಅವು ಒದ್ದೆಯಾಗಿದ್ದವು.

ಆಮೇಲೆ ಮಗಳು ಬ್ಯಾಗಿನಿಂದ ಉಗುರಿನ ಬಣ್ಣ ಅಳಿಸುವ ಪುಟ್ಟ ಬಾಟಲಿ ತೆಗೆದು, ಹತ್ತಿಯಿಂದ ಒತ್ತಿ ಒತ್ತಿ ಐದು ನಿಮಿಷದಲ್ಲಿ ನನ್ನ ಹೆಬ್ಬೆರಳು ಬಿಡಿಸಿದಳು. ಮನೆಯಿಂದ ಹೊರಡುವಾಗ ಅವಳಮ್ಮನೇ ಕೊಟ್ಟದ್ದಂತೆ.

"ಇಷ್ಟು ಹೊತ್ತೂ ಇದು ನಿನ್ನ ಹತ್ರಾನೇ ಇತ್ತಾ? ಮತ್ತೆ ಕಾರಲ್ಲೇ ಯಾಕೆ ಬಿಡಿಸಲಿಲ್ಲ?"

"ಬಿಡಿಸಿದ್ರೆ ನೀನು ಮತ್ತೆ ಸಹಾಯ ಮಾಡ್ತಿದ್ದೆ ಅಪ್ಪ."