ಅಡ್ಮಿನ್ ಒಳಗಿದ್ದಾರೆ

ಊರ್ಮಿಳಾ: ನೋಡಿ ಯೋಗೀಶ್, ಸುಮ್ನೆ ಒಪ್ಕೊಂಡ್ಬಿಡಿ. ಒಳಗಿರೋದು ನೀವೇ ತಾನೆ?

ಯೋಗೀಶ: ನಾನ್ಯಾಕ್ರೀ ಒಳಗಿರ್ಲಿ? ಹತ್ತು ಗಂಟೆಯಿಂದ ಹೊರಗೇ ಕೂತಿದೀನಿ. ನೀವು ಯಾವಾಗ ಹೊರಗೆ ಬರ್ತೀರಾ ಅಂತ ಕಾಯ್ತಾ ಇದೀನಿ.

ಊರ್ಮಿಳಾ: ನಾನು ಒಳಗೆ ಹೋಗೇ ಇಲ್ವಲ್ಲ.

ಯೋಗೀಶ: ಮತ್ತೆ ಚಿಲಕ ಹಾಕ್ಕೊಂಡು ಕೂತಿರೋದು ಯಾರು?

ಹಾದಿಯಲ್ಲಿ ಹೋಗುವವರು ಕೇಳಿದ್ದರೆ ಬಚ್ಚಲುಮನೆಯ ಜಗಳ ಎಂದುಕೊಳ್ಳುತ್ತಿದ್ದರು. ಆದರೆ ಜಗಳವಾಡುತ್ತಿದ್ದವರ ನಡುವೆ ಒಂಬೈನೂರು ಕಿಲೋಮೀಟರ್ ಅಂತರವಿತ್ತು. ಯೋಗೀಶ ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ, ಊರ್ಮಿಳಾ ಮೆಲ್ಬರ್ನ್‌ನಲ್ಲಿ. ಇಬ್ಬರೂ ಒಂದೇ ಲಿಫ್ಟ್ ರಿಪೇರಿ ಕಂಪನಿಯ ಎರಡು ಕಚೇರಿಗಳಲ್ಲಿ ಕೆಲಸಕ್ಕಿದ್ದರು. 2008ರ ಆ ಶನಿವಾರ ರಜೆಯಾದ್ದರಿಂದ ಕಚೇರಿಯ ಏಸಿಯೂ ಇಲ್ಲದೆ, ಯೋಗೀಶ ಒಬ್ಬನೇ ಬೆವರುತ್ತ ಫೋನಿನ ಸ್ಪೀಕರ್ ಹಾಕಿಕೊಂಡು ಕೂತಿದ್ದ.

ಯಾವ ಕಟ್ಟಡದ ಲಿಫ್ಟ್ ನಿಂತಿದೆ, ಯಾರು ಹೋಗಬೇಕು, ಹೋದವನು ವಾಪಸ್ ಬಂದನೇ, ಇದೆಲ್ಲ ದಾಖಲಾಗುತ್ತಿದ್ದದ್ದು ಕಂಪನಿಯ ಪ್ರಾಜೆಕ್ಟ್ ಸಾಫ್ಟ್‌ವೇರಿನಲ್ಲಿ. ಅದು ಬೇರೆಲ್ಲೋ ಇರುವುದಲ್ಲ, ಯೋಗೀಶನ ಮೇಜಿನ ಕೆಳಗಿನ ಕರೀ ಡಬ್ಬದಲ್ಲೇ, ಅಂದರೆ ಸರ್ವರ್ ಕಂಪ್ಯೂಟರಿನಲ್ಲೇ ಇತ್ತು. ಅದರ ಮೇಲೆ ಕಾಲಿಟ್ಟುಕೊಂಡು ಕೂರುವುದು ಅವನ ಅಭ್ಯಾಸ, ಚಳಿಗಾಲದಲ್ಲಿ ಬೆಚ್ಚಗೂ ಇರುತ್ತಿತ್ತು. ಅದರ ಒಂದನೇ ವರ್ಶನ್ ತೆಗೆದು ಎರಡನೇ ವರ್ಶನ್ ಹಾಕಬೇಕಿತ್ತು. ಅರ್ಧ ಗಂಟೆಯ ಕೆಲಸ ಎಂದು ಬಾಸ್ ಕೀತ್‌ಗೆ ಹೇಳಿಬಿಟ್ಟಿದ್ದ. ಸೋಮವಾರ ಹೊಸ ವರ್ಶನ್ ನೋಡಿದ ಮೇಲೆಯೇ ಆಸ್ಟ್ರೇಲಿಯಾದಲ್ಲಿ ಖಾಯಂ ಆಗಿ ಉಳಿಯಲು ಬೇಕಾದ ಯೋಗೀಶನ ಪಿಆರ್ ಅರ್ಜಿಗೆ ಕಂಪನಿಯ ಪರವಾಗಿ ಸಹಿ ಹಾಕುವುದಾಗಿ ಕೀತ್ ಹೇಳಿದ್ದರು. ಕಂಪನಿ ಕೊಡಿಸಿದ ವೀಸಾ ಮುಗಿಯಲು ಇನ್ನು ಐದು ತಿಂಗಳಿತ್ತು.

ಈಗ ನೋಡಿದರೆ ಪರದೆಯ ಮೇಲೆ ಒಂದೇ ಸಾಲು. ಅಡ್ಮಿನ್ ಒಳಗಿದ್ದಾರೆ, ಅವರು ಹೊರಬಂದ ಮೇಲೆ ಅಪ್‌ಗ್ರೇಡ್ ಶುರುಮಾಡಿ.

ಊರ್ಮಿಳಾ: ಡಬ್ಬ ರೀಸ್ಟಾರ್ಟ್ ಮಾಡಿ ನೋಡಿದ್ರಾ?

ಯೋಗೀಶ: ಎರಡು ಸಲ ಮಾಡ್ದೆ. ಎದ್ದು ಒಂದು ನಿಮಿಷ ಆಗೋದ್ರಲ್ಲಿ ಮತ್ತೆ ಒಳಗೆ ಬಂದು ಕೂತ್ಕೊಳ್ತಾರೆ.

ಊರ್ಮಿಳಾ: ಕೂತ್ಕೊಳ್ತಾರೆ ಅಂತ ಬೇರೆಯವರ ಥರ ಹೇಳ್ತೀರಲ್ರೀ. ಅಡ್ಮಿನ್ ನೀವೇ ಅಲ್ವಾ?

ಯೋಗೀಶ: ನಾನಾ?

ಊರ್ಮಿಳಾ: ಮತ್ತಿನ್ಯಾರು? ಡಬ್ಬ ಇರೋದು ನಿಮ್ಮ ಮೇಜಿನ ಕೆಳಗೆ.

ಯೋಗೀಶ: ಕೆಳಗಿದ್ರೆ? ಅಡ್ಮಿನ್ ಕೆಲಸ ಎಲ್ಲಾ ಮಾಡೋದು ನೀವಲ್ವಾ?

ಫೋನಿನಲ್ಲಿ ಟ್ರಾಮಿನ ಗಂಟೆ ಕೇಳಿಸಿತು, ಊರ್ಮಿಳಾ ಕಿಟಕಿ ಮುಚ್ಚಿದಳು.

ಊರ್ಮಿಳಾ: ನಾನು ಯಾವ ಕೆಲಸ ಮಾಡಿದೀನಿ?

ಯೋಗೀಶ: ಜುಲೈನಲ್ಲಿ ಡಿಸ್ಕ್ ತುಂಬಿ ಎಲ್ಲಾ ನಿಂತೋಯ್ತಲ್ಲ. ನಾನು ಅಡ್ಮಿನ್ ಹೆಸರಿಗೆ ಒಂದು ಟಾಸ್ಕ್ ಹಾಕಿ ಮನೆಗೆ ಹೋದೆ. ಬೆಳಗ್ಗೆ ಬರೋಷ್ಟರಲ್ಲಿ ಸರಿಯಾಗಿತ್ತು. ಊರ್ಮಿಳಾ ಎಷ್ಟು ಚುರುಕು ಅಂದ್ಕೊಂಡೆ.

ಊರ್ಮಿಳಾ: ನಾನು ನೀವು ಮಾಡಿದ್ದು ಅಂದ್ಕೊಂಡೆ. ಮೂರು ಹೊಸ ಮೆಕ್ಯಾನಿಕ್‌ಗಳ ಹೆಸರು ಸೇರಿಸಿ ಅಂತ ನಾನು ಟಾಸ್ಕ್ ಹಾಕಿದ್ನಲ್ಲ, ಊಟ ಮುಗಿಸೋದ್ರೊಳಗೆ ಸೇರಿಸಿದ್ರಿ.

ಯೋಗೀಶ: ನಾನು ಯಾರ ಹೆಸರೂ ಸೇರಿಸಿಲ್ಲ.

ಊರ್ಮಿಳಾ: ಮತ್ತೆ ಕೀತ್ ಎಲ್ಲರ ಮುಂದೆ ನಿಮಗೆ ಚಾಕಲೇಟ್ ಡಬ್ಬ ಕೊಟ್ಟಾಗ ತಗೊಂಡ್ರಲ್ಲ?

ಯೋಗೀಶ: ನಿಮಗೆ ತಿಂಗಳ ಉತ್ತಮ ಉದ್ಯೋಗಿ ಅಂತ ಸರ್ಟಿಫಿಕೇಟ್ ಬಂತಲ್ಲ, ಅದನ್ನೇನು ವಾಪಸ್ ಕಳ್ಸಿದ್ರಾ?

ಊರ್ಮಿಳಾ: ಫ್ರೇಮ್ ಹಾಕ್ಸಿದೀನಿ.

ಯೋಗೀಶ ಕರೀ ಡಬ್ಬದ ಮೇಲಿಂದ ಮೆಲ್ಲಗೆ ಕಾಲು ತೆಗೆದ. ಎರಡು ವರ್ಷ ಯಾರದ್ದೋ ಹೆಗಲ ಮೇಲೆ ಕಾಲಿಟ್ಟುಕೊಂಡು ಕೂತಿದ್ದಂತೆ ಅವನಿಗೆ ಅನ್ನಿಸಿತು.

ಊರ್ಮಿಳಾ: ಒಂದ್ನಿಮಿಷ. ನಿಮ್ಮ ಹತ್ರ ಅಡ್ಮಿನ್ ಪಾಸ್‌ವರ್ಡ್ ಇದೆಯೋ ಇಲ್ವೋ?

ಯೋಗೀಶ: ಇತ್ತು. ನನಗಿಂತ ಮುಂಚೆ ಇಲ್ಲಿದ್ದ ಬಾಳಪ್ಪನವರು ಕೆಲಸ ಬಿಡೋವಾಗ ಒಂದು ಚೀಟೀಲಿ ಬರೆದುಕೊಟ್ಟಿದ್ರು. ಆ ಚೀಟಿ ಪ್ಯಾಂಟಿನ ಜೇಬಲ್ಲೇ ವಾಷಿಂಗ್ ಮೆಷೀನಿಗೆ ಹೋಯ್ತು.

ಊರ್ಮಿಳಾ: ಯಾವಾಗ?

ಯೋಗೀಶ: ಅವತ್ತೇ ಸಾಯಂಕಾಲ.

ಊರ್ಮಿಳಾ: ಪಾಸ್‌ವರ್ಡ್ ಇಲ್ದೆ ಅಪ್‌ಗ್ರೇಡ್ ಹೇಗ್ರೀ ಮಾಡ್ತಿದ್ರಿ?

ಯೋಗೀಶ: ಕೊನೇಲಿ ಕೇಳತ್ತೆ ಅಂತ ಪುಸ್ತಕದಲ್ಲಿ ಬರೆದಿದೆ. ಕೊನೆ ಬಂದಾಗ ನಿಮ್ಮನ್ನ ಕೇಳೋಣ ಅಂತಿದ್ದೆ.

ಊರ್ಮಿಳಾ: ನಾನು ಹನ್ನೆರಡಕ್ಕೆ ಮಗಳನ್ನ ಸ್ವಿಮ್ಮಿಂಗ್ ಕ್ಲಾಸಿಗೆ ಬಿಡಬೇಕು. ಈಗಾಗ್ಲೇ ಹನ್ನೊಂದೂ ಕಾಲು. ಇನ್ನೊಂದ್ಸಲ ರೀಸ್ಟಾರ್ಟ್ ಮಾಡಿ, ಅವರು ಒಳಗೆ ಬರೋಕ್ ಮುಂಚೆ ನೀವು ನುಗ್ಗಿಬಿಡಿ.

ಯೋಗೀಶ ಡಬ್ಬದ ಗುಂಡಿ ಒತ್ತಿದ. ಅದು ಆರಿ, ಗೊರಗುಟ್ಟುತ್ತ ಮತ್ತೆ ಎದ್ದಿತು. ಅವನ ಬೆರಳು ಕೀಲಿಮಣೆ ಮುಟ್ಟುವಷ್ಟರಲ್ಲಿ ಅದೇ ಸಾಲು ಮೂಡಿತು. ಅಡ್ಮಿನ್ ಒಳಗಿದ್ದಾರೆ.

ಯೋಗೀಶ: ಯಾರೋ ಕಳ್ಳ ನುಗ್ಗಿದಾನೆ ಊರ್ಮಿಳಾ. ಹ್ಯಾಕರ್.

ಊರ್ಮಿಳಾ: ಲಿಫ್ಟ್ ರಿಪೇರಿ ಲಿಸ್ಟ್ ಕದ್ದು ಏನ್ ಮಾಡ್ತಾನ್ರೀ ಹ್ಯಾಕರ್? ಅದೂ ಎರಡು ವರ್ಷದಿಂದ ನಮ್ಮ ಡಿಸ್ಕ್ ಗುಡಿಸಿ ಒರೆಸ್ಕೊಂಡು?

ಯೋಗೀಶ: ಹಾಗಾದ್ರೆ ಪಾಸ್‌ವರ್ಡ್ ಗೊತ್ತಿರೋರು ಯಾರಿದಾರೆ?

ಊರ್ಮಿಳಾ: ಅದನ್ನ ಚೀಟೀಲಿ ಬರೆದುಕೊಟ್ಟೋರು.

ಬಾಳಪ್ಪ ಗೋಕಾಕದ ಕಡೆಯವರು. ಆ ಸಾಫ್ಟ್‌ವೇರನ್ನು ಮೊದಲು ತಂದು ಕೂರಿಸಿದ್ದೇ ಅವರು. 2006ರಲ್ಲಿ ಕೆಲಸ ಬಿಟ್ಟು, ಹೆಂಡತಿಯ ತಮ್ಮನ ಜೊತೆ ಮೆಲ್ಬರ್ನ್‌ನ ಡ್ಯಾಂಡೆನಾಂಗ್‌ನಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದರು. ಊರ್ಮಿಳಾಳ ಮನೆಗೆ ಜೋಳದ ಹಿಟ್ಟು ಬರುತ್ತಿದ್ದದ್ದು ಅಲ್ಲಿಂದಲೇ, ಹಾಗಾಗಿ ನಂಬರ್ ಇತ್ತು. ಅವಳು ಅವರನ್ನೂ ಅದೇ ಕರೆಗೆ ಸೇರಿಸಿದಳು.

ಊರ್ಮಿಳಾ: ಬಾಳಪ್ಪನವರೇ, ನಾನು ಊರ್ಮಿಳಾ. ಯೋಗೀಶ್ ಕೂಡ ಲೈನಲ್ಲಿದಾರೆ.

ಬಾಳಪ್ಪ: ಹೇಳ್ರಿ ತಂಗಿ. ಹಿಟ್ಟು ಬೇಕಾಗಿದ್ರ ನಾಳೆ ಬರ್ರಿ. ಇವತ್ತ ನನಗ ತಲಿ ಕೆಟ್ಟೈತಿ.

ಯೋಗೀಶ: ಹಿಟ್ಟಲ್ಲ ಸರ್. ನೀವು ಈಗ ಎಲ್ಲಿದೀರಾ?

ಬಾಳಪ್ಪ: ಅಂಗಡ್ಯಾಗ ಅದೀನಿ.

ಯೋಗೀಶ: ಅದಲ್ಲ. ನಮ್ಮ ಸಾಫ್ಟ್‌ವೇರ್ ಒಳಗಿದೀರಾ?

ಬಾಳಪ್ಪ: ಅಲ್ಲೂ ಅದೀನಿ.

ಯೋಗೀಶ: ದಯವಿಟ್ಟು ಹೊರಗೆ ಬನ್ನಿ ಸರ್. ನಾನು ಅಪ್‌ಗ್ರೇಡ್ ಮಾಡಬೇಕು.

ಬಾಳಪ್ಪ: ನೀ ಮಾಡಬೇಕಾ? ಮತ್ತ ಮುಂಜಾನಿಂದ ನಾ ಏನ್ ಮಾಡಾಕತ್ತೀನಿ?

ಯೋಗೀಶ: ಏನು ಮಾಡ್ತಿದೀರಾ?

ಬಾಳಪ್ಪ: ಅಪ್‌ಗ್ರೇಡ ಮಾಡಾಕತ್ತೀನಿ. ಎಂಬತ್ತು ಪರ್ಸೆಂಟ್ ಆಗಿರತೈತಿ, ಯಾಂವೋ ಒಬ್ಬ ಡಬ್ಬಿ ಬಂದ್ ಮಾಡ್ತಾನ. ಮತ್ತ ಮೊದಲಿಂದ ಶುರು ಮಾಡ್ತೀನಿ, ಮತ್ತ ಬಂದ್ ಮಾಡ್ತಾನ. ಮೂರು ಸಲ ಆತು. ಕರೆಂಟ್ ಹೋಗ್ಲಿಕ್ಕೆ ಇದೇನ್ ಗೋಕಾಕ ಅಲ್ಲ. ಯಾಂವ ಅಂವ?

ಯೋಗೀಶ ಡಬ್ಬದ ಗುಂಡಿಯಿಂದ ಕುರ್ಚಿಯನ್ನು ಒಂದಿಷ್ಟು ದೂರ ಸರಿಸಿಕೊಂಡ.

ಯೋಗೀಶ: ನಾನೇ ಸರ್.

ಬಾಳಪ್ಪ: ಗುರುವಾರ ಟಾಸ್ಕ್ ಹಾಕಿದಾಂವ ನೀನ, ಶನಿವಾರ ಕೆಡಸಾಂವನೂ ನೀನ? ನಿನ್ನ ಹೆಸರಿಲೆ ಒಂದು, ಈ ತಂಗೀದು ಒಂದು. ಒಂದ ಕೆಲಸಕ್ಕ ಎರಡು ಟಾಸ್ಕ್. ಎರಡರಾಗೂ ಬರದೀನಿ, ಶನಿವಾರ ಹತ್ತಕ್ಕ ಮಾಡ್ತೀನಿ, ಯಾರೂ ಮುಟ್ಟಬ್ಯಾಡ್ರಿ ಅಂತ. ಓದಿಲ್ಲೇನು?

ಯೋಗೀಶ: ಉತ್ತರ ಬಂದಿರೋದು ನೋಡ್ದೆ ಸರ್. ಓದಿರ್ಲಿಲ್ಲ. ಸೋಮವಾರದೊಳಗೆ ಆಗತ್ತೋ ಇಲ್ವೋ ಅಂತ ನಾನೇ ಮಾಡೋಕೆ ಬಂದ್ಬಿಟ್ಟೆ.

ಊರ್ಮಿಳಾ: ಬಾಳಪ್ಪನವರೇ, ನೀವು ಕೆಲಸ ಬಿಟ್ಟು ಎರಡು ವರ್ಷ ಆಯ್ತು. ಇದನ್ನೆಲ್ಲ ಯಾಕೆ ಮಾಡ್ತಿದೀರಾ?

ಬಾಳಪ್ಪ: ಟಾಸ್ಕ್ ಬಂದ್ರ ಮಾಡಬೇಕಲ್ಲವ. ಅಡ್ಮಿನ್ ಹೆಸರಿಲೆ ಹಾಕಿದ್ದೆಲ್ಲಾ ನನ್ನ ಮೇಲಿಗೇ ಬರತಾವ, ನಾ ಬಿಟ್ಟು ಬಂದ ಮರುವಾರನ ಒಂದು ಬಂತು. ಒಂದು ಆಸ್ಪತ್ರಿ ಲಿಫ್ಟಿನ ಲಿಸ್ಟ್ ತೆರಿವಲ್ದು ಅಂತ. ನನಗ್ಯಾಕ ಅಂತ ಕುಂತ್ರ ರೋಗಿ ಎಲ್ಲಿ ಹೋಗಬೇಕು? ಸರಿ ಮಾಡ್ದೆ. ಮಾಡಿದ್ದಕ್ಕ ಮರುದಿನ ಇನ್ನೊಂದು ಬಂತು. ಮಧ್ಯಾಹ್ನ ಅಂಗಡ್ಯಾಗ ಗಿರಾಕಿ ಇರಾಂಗಿಲ್ಲ. ಖರೆ ಹೇಳಬೇಕಂದ್ರ ನನಗೂ ಅದು ಬಿಡವಲ್ದು.

ಎರಡು ವರ್ಷದಲ್ಲಿ ಒಂದು ಸಲವೂ ಯೋಗೀಶ ಈ ಮನುಷ್ಯನಿಗೆ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಿರಲಿಲ್ಲ.

ಯೋಗೀಶ: ನಿಮ್ಮ ಹೆಸರು ತೆಗೆದುಹಾಕಬೇಕಿತ್ತು ಸರ್. ನಾನು ಅವಾಗ್ಲೇ ಹೇಳಿದ್ದೆ.

ಬಾಳಪ್ಪ: ಯಾರಿಗೆ ಹೇಳಿದ್ದಿ?

ಯೋಗೀಶ: ಟಾಸ್ಕ್ ಹಾಕಿದ್ದೆ. ಬಾಳಪ್ಪನವರ ಅಕೌಂಟ್ ಡಿಲೀಟ್ ಮಾಡಿ ಅಂತ, ಅಡ್ಮಿನ್‌ಗೆ.

ಬಾಳಪ್ಪ: ಹೂಂ, ಬಂದೈತಿ ನನಗ. ಅದೊಂದನ್ನ ನಾ ಇನ್ನೂ ಮುಟ್ಟಿಲ್ಲ.

ಊರ್ಮಿಳಾ ನಕ್ಕಳು. ಯೋಗೀಶನಿಗೂ ನಗು ತಡೆಯಲಾಗಲಿಲ್ಲ. ಬಾಳಪ್ಪ ಮಾತ್ರ ನಗಲಿಲ್ಲ. ಯೋಗೀಶ ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ನಿಲ್ಲಬೇಕೆಂದೂ, ತಾನು ಹೇಳುವವರೆಗೆ ಕೈಗಳನ್ನು ಜೇಬಿನಲ್ಲೇ ಇಟ್ಟುಕೊಳ್ಳಬೇಕೆಂದೂ ಆಜ್ಞೆ ಮಾಡಿದರು. ಯೋಗೀಶ ಹಾಗೆಯೇ ನಿಂತ. ಇಪ್ಪತ್ತೈದು ನಿಮಿಷದಲ್ಲಿ ಹೊಸ ವರ್ಶನ್ ಎದ್ದು ಕೂತಿತು. ಊರ್ಮಿಳಾಳ ಮಗಳು ಹತ್ತು ನಿಮಿಷ ತಡವಾಗಿ ನೀರಿಗಿಳಿದಳು.

ಸೋಮವಾರ ಬೆಳಗ್ಗೆ ಕೀತ್ ಯೋಗೀಶನ ಮೇಜಿಗೇ ಬಂದರು. ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಪಿಆರ್ ಅರ್ಜಿ. ಊರ್ಮಿಳಾ ಮೆಲ್ಬರ್ನ್‌ನಿಂದ ಫೋನಿನಲ್ಲಿದ್ದಳು. ಹೊಸ ವರ್ಶನ್ ತೆರೆದ ಕೂಡಲೇ ದೊಡ್ಡ ಅಕ್ಷರದ ಒಂದು ಪಟ್ಟಿ ಬಂತು. ಹಳೆಯದರಲ್ಲಿ ಅಡ್ಮಿನ್ ಎಂದಷ್ಟೇ ಕಾಣುತ್ತಿತ್ತು, ಇದು ಹೊಸ ಸೌಲಭ್ಯ. ಯಾರು ಎಷ್ಟು ಕೆಲಸ ಮುಗಿಸಿದ್ದಾರೆ ಎಂದು ಪೂರ್ತಿ ಹೆಸರಿನ ಸಮೇತ ತೋರಿಸುತ್ತಿತ್ತು. ಎಲ್ಲಕ್ಕಿಂತ ಮೇಲೆ, ಉಳಿದವರೆಲ್ಲರಿಗಿಂತ ಎಷ್ಟೋ ಮುಂದೆ, ಬಾಳಪ್ಪ.

ಕೀತ್ ಕಂಪನಿಗೆ ಬಂದು ಒಂದು ವರ್ಷವಷ್ಟೇ ಆಗಿತ್ತು. ಕಾಫಿ ಕೆಳಗಿಟ್ಟು, ಇಷ್ಟು ಒಳ್ಳೆಯ ಕೆಲಸಗಾರ ಯಾವ ಆಫೀಸಿನವನು ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸಿಡ್ನಿ ಎಂದ ಯೋಗೀಶ. ಅದೇ ಗಳಿಗೆಗೆ ಫೋನಿನಿಂದ ಮೆಲ್ಬರ್ನ್ ಎಂದಿತು ಊರ್ಮಿಳಾಳ ದನಿ. ಆಮೇಲೆ ಇಬ್ಬರೂ ಕನ್ನಡಕ್ಕೆ ಇಳಿದರು.

ಊರ್ಮಿಳಾ: ಡ್ಯಾಂಡೆನಾಂಗ್ ಯಾವಾಗ್ರೀ ಸಿಡ್ನಿಗೆ ಸೇರ್ತು?

ಯೋಗೀಶ: ಅವರು ಕೂತಿದ್ದ ಕುರ್ಚಿ ಇದು. ನಮ್ಮೋರೇ.

ಊರ್ಮಿಳಾ: ಮೊನ್ನೆ ಹ್ಯಾಕರ್ ಅಂದ್ರಲ್ಲ ನಿಮ್ಮೋರನ್ನ?

ಕೀತ್ ಕೈ ಎತ್ತಿ ಇಬ್ಬರನ್ನೂ ನಿಲ್ಲಿಸಿದರು. ಎಲ್ಲಾ ಕೆಲಸವನ್ನೂ ಈ ಬಾಳಪ್ಪನೇ ಮುಗಿಸಿದ್ದರೆ ನೀವಿಬ್ಬರು ಏನು ಮಾಡುತ್ತೀರಿ ಎಂದು ಕೇಳಿದರು. ಅರ್ಜಿ ಇನ್ನೂ ಅವರ ಕೈಯಲ್ಲೇ ಇತ್ತು. ಯೋಗೀಶ ಮೂರು ಸುಳ್ಳುಗಳನ್ನು ಯೋಚಿಸಿದ. ಮೂರಕ್ಕೂ ಊರ್ಮಿಳಾಳ ನೆರವು ಬೇಕಿತ್ತು. ಕೊನೆಗೆ ಬಾಳಪ್ಪ ಯಾರು, ಈಗ ಎಲ್ಲಿದ್ದಾರೆ, ಎಲ್ಲವನ್ನೂ ಹೇಳಿಬಿಟ್ಟ. ನಾವಿಬ್ಬರೂ ಅವರಿಗೆ ಟಾಸ್ಕ್ ಹಾಕುತ್ತೇವೆ ಸರ್, ಅವರು ಮಾಡಿದ ಮೇಲೆ ನಿಮಗೆ ವರದಿ ಕೊಡುತ್ತೇವೆ, ಇಷ್ಟೇ ಎಂದ.

ಕೀತ್ ಪರದೆಯತ್ತ ಬಗ್ಗಿದರು. ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕುತ್ತ ಕೆಳಗೆ ಹೋದರು, ಇನ್ನೂ ಕೆಳಗೆ ಹೋದರು. ಎಲ್ಲರ ಕೊನೆಗೆ ಅದು ಸಿಕ್ಕಿತು. ಮುಗಿಸಿದ ಕೆಲಸ, ಸೊನ್ನೆ.

ಅವರು ಜೇಬಿನಿಂದ ಪೆನ್ನು ತೆಗೆದು ಅರ್ಜಿಗೆ ಸಹಿ ಹಾಕಿದರು. ಹಾಕಿ, ಈ ಪಟ್ಟಿ ಹೆಡ್ ಆಫೀಸಿನವರ ಕಣ್ಣಿಗೆ ಬೀಳುವ ಮೊದಲು ಹಳೆಯ ವರ್ಶನ್ ವಾಪಸ್ ಹಾಕಲು ಎಷ್ಟು ಹೊತ್ತು ಬೇಕು ಎಂದು ಕೇಳಿದರು.